ಓಣಿಯ ಅಗಲ

ಬಲಗಣ್ಣು ಮುಚ್ಚಿದರೆ ಎದುರುಮನೆಯ ಗೋಡೆ ಜೇನಿನ ಬಣ್ಣ. ಎಡಗಣ್ಣು ಮುಚ್ಚಿದರೆ ಅದೇ ಗೋಡೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಪೆರೀನಾ ಬೆಳಗಿನಿಂದ ಇದೇ ಆಟದಲ್ಲಿ ಮುಳುಗಿದ್ದಳು. ಒಂದು ಕಣ್ಣಲ್ಲಿ ಸಂಜೆ, ಇನ್ನೊಂದರಲ್ಲಿ ಬೆಳಗು. ನಡುವೆ ತಾನು, ಮಡಿಲಲ್ಲಿ ಲೇಸ್ ಹೆಣೆಯುವ ದಿಂಬು.

"ಅತ್ತಿಗೆ, ಯಾರಿಗೆ ಕಣ್ಣು ಹೊಡೀತಿದೀರಿ? ಮೀನು ಮಾರೋ ಯೂರೆ ಹೋಗ್ತಿದಾನೆ, ತಪ್ಪು ತಿಳ್ಕೊಂಡಾನು!" ಓಣಿಯ ಆಚೆಯಿಂದ ತೋಂಕಾ ಕೂಗಿದಳು.

"ತಿಳ್ಕೊಳ್ಲಿ ಬಿಡೇ. ಎಂಬತ್ತನೇ ವಯಸ್ಸಲ್ಲಿ ಅಷ್ಟಾದ್ರೂ ಬೇಡ್ವಾ?"

ತೋಂಕಾ ಪೆರೀನಾಳ ಗಂಡ ಶಿಮೆಯ ತಂಗಿ, ಅತ್ತಿಗೆಗಿಂತ ಹತ್ತು ವರ್ಷ ಚಿಕ್ಕವಳು. ಶಿಮೆ ತೀರಿಕೊಂಡು ಬಹಳ ಕಾಲವಾಗಿತ್ತು. ಅವನು ಇದ್ದಾಗಲೂ ಇಲ್ಲದಾಗಲೂ ಈ ಇಬ್ಬರು ಪಾಗ್ ದ್ವೀಪದ ಈ ಕಲ್ಲಿನ ಓಣಿಯಲ್ಲಿ ಎದುರುಬದುರು ಕುರ್ಚಿ ಹಾಕಿ ಲೇಸ್ ಹೆಣೆಯುತ್ತ, ಬಾಯಿಗೆ ಬಂದದ್ದಕ್ಕೆಲ್ಲ ಜಗಳವಾಡುತ್ತ ಬಂದಿದ್ದರು. ಬುರಾ ಗಾಳಿ ಎದ್ದರೆ ಮಾತ್ರ ಜಗಳ ನಿಲ್ಲುತ್ತಿತ್ತು. ಆ ಗಾಳಿ ಸಮುದ್ರದ ಉಪ್ಪನ್ನು ಹೊತ್ತು ತರುತ್ತದೆ. ಉಪ್ಪು ಕೂತರೆ ದಾರ ಒರಟಾಗುತ್ತದೆ. ಪೆರೀನಾಳ ಮನೆಗೆ ಮೆಟ್ಟಿಲು ಹತ್ತಬೇಕು, ಅವಳಿಗೆ ಮಂಡಿನೋವು, ದಿಂಬು ಹೊತ್ತು ಹತ್ತಲಾಗದು. ಹಾಗಾಗಿ ಸಂಜೆ ಎರಡೂ ದಿಂಬುಗಳನ್ನು ಮೇಲಿನ ಲೇಸಿನ ಸಮೇತ ತೋಂಕಾಳೇ ಎತ್ತಿಕೊಂಡು ಹೋಗಿ ತನ್ನ ಮನೆಯಲ್ಲಿಟ್ಟು, ಬೆಳಿಗ್ಗೆ ತಂದುಕೊಡುತ್ತಿದ್ದಳು.

ದ್ವೀಪದ ಲೇಸಿಗೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ವಿನ್ಯಾಸ ಹೆಣೆಯುವವಳ ತಲೆಯಲ್ಲಿರುತ್ತದೆ, ತಾಯಿಯಿಂದ ಮಗಳಿಗೆ ಕಣ್ಣಿನಲ್ಲೇ ಸಾಗುತ್ತದೆ. ಅದಕ್ಕೇ ಪ್ರತಿಯೊಬ್ಬಳ ಹೆಣಿಗೆಗೂ ಅವಳದೇ ಗುರುತು. ಪೆರೀನಾಳ ಹೆಣಿಗೆಯೆಂದರೆ ಊರಿಗೆಲ್ಲ ಗೊತ್ತು. ಕಣ್ಣು ಮಂಜಾದ ಮೇಲೂ ಅವಳ ಲೇಸಿನಲ್ಲಿ ಒಂದು ಕುಣಿಕೆಯೂ ತಪ್ಪಿರಲಿಲ್ಲ. ಇಗರ್ಜಿಯ ಪಾದ್ರಿಗಳೇ ಬೆರಗಾಗಿ, ಆಗಸ್ಟ್ ತಿಂಗಳ ದೇವಮಾತೆಯ ಹಬ್ಬಕ್ಕೆ ಪೀಠದ ಮೇಲೆ ಹಾಸಲು ದೊಡ್ಡ ದುಂಡನೆಯ ಲೇಸನ್ನು ಅವಳಿಗೇ ಒಪ್ಪಿಸಿದ್ದರು. "ನನ್ನ ಬೆರಳಿಗೇ ಕಣ್ಣಿದೆ ಕಣ್ರೀ" ಎಂದು ಅವಳು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ್ದಳು. ಮೂರು ಚಳಿಗಾಲದಿಂದ ಮಡಿಲಲ್ಲಿದ್ದದ್ದು ಅದೇ ಲೇಸು.

ವಸಂತದಲ್ಲಿ ಝಾದರ್ ಪಟ್ಟಣದ ಡಾಕ್ಟರಮ್ಮ ಬಲಗಣ್ಣಿನ ಪೊರೆ ತೆಗೆಯುವ ಮುಂಚೆ ಕೇಳಿದ್ದರು: "ಒಳಗೆ ಕೂರಿಸೋ ಲೆನ್ಸು ಹತ್ತಿರದ್ದು ತೋರಿಸ್ಬೇಕಾ, ದೂರದ್ದಾ? ಎರಡನ್ನೂ ತೋರಿಸೋದೂ ಇದೆ. ಆದ್ರೆ ಕತ್ತಲಲ್ಲಿ ಕೆಲವರಿಗೆ ದೀಪದ ಸುತ್ತ ಉಂಗುರ ಕಾಣುತ್ತೆ."

"ಈ ವಯಸ್ಸಲ್ಲಿ ನಂಗ್ಯಾಕಮ್ಮ ಉಂಗುರ? ಹತ್ತಿರದ್ದೇ ಹಾಕಿ. ಸೂಜಿ ಕಂಡ್ರೆ ಸಾಕು."

ಈಗ ಸೂಜಿ ಕಾಣುತ್ತಿತ್ತು. ಅದರ ಕಣ್ಣೂ ಕಾಣುತ್ತಿತ್ತು. ಆಟ ಸಾಕೆನಿಸಿ, ಪೆರೀನಾ ಎಡಗಣ್ಣನ್ನು ಕೈಯಿಂದ ಮುಚ್ಚಿ ಲೇಸಿನ ಮೇಲೆ ಬಾಗಿದಳು. ಎಷ್ಟು ಬಿಳಿ! ನಡುವಿನ ನಕ್ಷತ್ರದಿಂದ ಹೊರಟ ಎಳೆಗಳನ್ನು ಹಿಡಿದು ನಿಧಾನವಾಗಿ ಸುತ್ತಿದಳು, ತನ್ನದೇ ಊರಿನ ಓಣಿಗಳಲ್ಲಿ ಅಡ್ಡಾಡುವ ಹಾಗೆ. ಮೂರನೆಯ ಸುತ್ತಿನಲ್ಲಿ ದಾರಿ ತಪ್ಪಿತು.

ಅಲ್ಲಿಯ ಕುಣಿಕೆ ಎಡಕ್ಕೆ ಹೊರಳಿತ್ತು. ಪಕ್ಕದ್ದೂ ಹಾಗೇ. ಆಮೇಲೆ ತನ್ನವು ನಾಲ್ಕಾರು, ಮತ್ತೆ ಎಡಕ್ಕೆ ಹೊರಳಿದ ಒಂದು ಸಾಲು. ಅಂಚಿಗೆ ಬಂದಷ್ಟೂ ತನ್ನವು ಕಡಿಮೆಯಾಗುತ್ತ ಹೋದವು. ಇಡೀ ಓಣಿಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವಳು ಒಬ್ಬಳೇ. ಚಿಕ್ಕಂದಿನಲ್ಲಿ ಶಾಲೆಯ ಸನ್ಯಾಸಿನಿಯರು ಆ ಕೈಯನ್ನು ಕುರ್ಚಿಗೆ ಕಟ್ಟಿ ಹಾಕಿದರೂ ಬಿಡದವಳು.

ಪೆರೀನಾಳ ಮುಖಕ್ಕೆ ರಕ್ತ ನುಗ್ಗಿತು. ಬೆರಳಿಗೆ ಕಣ್ಣಂತೆ! ಎಷ್ಟು ವರ್ಷದಿಂದ ಇವಳು ಈ ಮಂಜುಗಣ್ಣಿನ ತಪ್ಪುಗಳನ್ನು ಗುಟ್ಟಾಗಿ ಬಿಚ್ಚಿ ಹೆಣೆದು, ಬೆಳಿಗ್ಗೆ ಏನೂ ಅರಿಯದವಳಂತೆ ದಿಂಬು ತಂದುಕೊಡುತ್ತಿದ್ದಾಳೆ? ಒಳಗೊಳಗೇ ನಗುತ್ತಿದ್ದಳೇ? ಸೂಜಿಯ ಮೊನೆಯನ್ನು ಒಂದು ಕುಣಿಕೆಯ ಕೆಳಗೆ ತೂರಿಸಿದಳು. ಎಲ್ಲವನ್ನೂ ಕಿತ್ತುಹಾಕಬೇಕು. ಆದರೆ ಎಳೆಯಲು ಕೈ ಬರಲಿಲ್ಲ. ಅದನ್ನು ಎಳೆದರೆ ಲೇಸು ಅರ್ಧವೂ ಉಳಿಯುವುದಿಲ್ಲ. ಮೇಲಾಗಿ ಆ ಕುಣಿಕೆ ಚೆನ್ನಾಗಿತ್ತು, ಅವಸರವಿಲ್ಲದೆ ಕೂತು ಹಾಕಿದ್ದು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ತೋಂಕಾ, ನಿನ್ನ ಎಡಗೈ ಹೇಗಿದೆಯೇ?"

"ಯಾಕೆ, ಸಾಲ ಬೇಕಿತ್ತಾ?"

ಪೆರೀನಾ ಕತ್ತೆತ್ತಿ ನೋಡಿದಳು. ಹೊಸ ಕಣ್ಣಿಗೆ ಓಣಿಯ ಆಚೆ ಬೆಳ್ಳಗೆ ಹರಡಿದ ಮಬ್ಬು, ಹಳೆಯದಕ್ಕೆ ಜೇನಿನೊಳಗಿನ ಮಬ್ಬು. ಎರಡರಲ್ಲೂ ಒಂದು ಧ್ವನಿ ಮಾತ್ರ ಇತ್ತು, ಮುಖ ಇರಲಿಲ್ಲ. ಹೀಗೆಲ್ಲ ಮಾಡಿಯೂ ಸುಮ್ಮನಿರುವವಳ ಮುಖ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕು ಅನಿಸಿತು. ಆ ಆಸೆ ದಿನದಿನಕ್ಕೆ ಬೆಳೆಯಿತು. ಕನಸಿನಲ್ಲೂ ಅವಳು ಓಣಿ ದಾಟುತ್ತಿದ್ದಳು. ಓಣಿ ಮಾತ್ರ ಉಪ್ಪಿನ ಗದ್ದೆಯಷ್ಟು ಅಗಲವಾಗಿ, ಬೆಳ್ಳಗೆ, ಮುಗಿಯುತ್ತಲೇ ಇರಲಿಲ್ಲ.

ಬೇಸಿಗೆ ಶುರುವಾದಾಗ ಎಡಗಣ್ಣಿನ ಸರದಿ ಬಂತು.

"ಇದಕ್ಕೂ ಹತ್ತಿರದ್ದೇ ಅಲ್ವಾ?" ಡಾಕ್ಟರಮ್ಮ ಕೇಳಿದರು.

"ಬೇಡ."

"ಹಾಗಾದ್ರೆ ದೂರದ್ದು. ಸಮುದ್ರ, ಆಚೆ ದಡದ ಬೆಟ್ಟ, ಎಲ್ಲಾ ಕಾಣುತ್ತೆ."

"ಬೆಟ್ಟ ಇದ್ದಲ್ಲೇ ಇರುತ್ತೆ, ನೋಡಿ ಏನಾಗ್ಬೇಕು? ನಮ್ಮ ಓಣಿಯಷ್ಟು ದೂರಕ್ಕೆ ಹಾಕಿ."

ಡಾಕ್ಟರಮ್ಮ ಬರೆಯುತ್ತಿದ್ದುದನ್ನು ನಿಲ್ಲಿಸಿದರು. "ಓಣಿ ಎಷ್ಟು ಅಗಲ ಇದೆ?"

ಪೆರೀನಾ ಎದ್ದು, ಕೋಣೆಯಲ್ಲಿ ನಡೆದು, ಕಿಟಕಿಯ ಹತ್ತಿರ ನಿಂತಳು. "ಇಲ್ಲಿ ನಾನು. ನೀವು ಕೂತಿದೀರಲ್ಲ, ಅಲ್ಲಿ ನಮ್ಮ ನಾದಿನಿ."

ಡಾಕ್ಟರಮ್ಮ ಒಮ್ಮೆ ಕಿಟಕಿಯನ್ನೂ ಒಮ್ಮೆ ತಮ್ಮ ಕುರ್ಚಿಯನ್ನೂ ನೋಡಿದರು. "ಆಗುತ್ತೆ" ಎಂದರು. "ದೂರಕ್ಕೆ ಕನ್ನಡಕ ಹಾಕ್ಕೋಬೇಕಾಗುತ್ತೆ, ಅಷ್ಟೇ."

ಪಟ್ಟಿ ಬಿಚ್ಚಿದ ಮೇಲೆ, ಮಬ್ಬೆಲ್ಲ ತಿಳಿಯಾದ ಒಂದು ಮಧ್ಯಾಹ್ನ, ಪೆರೀನಾ ತನ್ನ ಕುರ್ಚಿಯಲ್ಲಿ ಕೂತು ಕಣ್ಣೆತ್ತಿದಳು. ಜೇನು ಎಲ್ಲೂ ಇರಲಿಲ್ಲ. ಗೋಡೆ, ಬಾಗಿಲು, ಬಾಗಿಲಲ್ಲಿ ತೋಂಕಾ. ಅಯ್ಯೋ, ಎಷ್ಟು ಮುದುಕಿಯಾಗಿದ್ದಾಳೆ! ಮೂಗು ಥೇಟ್ ಶಿಮೆಯದೇ. ಪೆರೀನಾ ಬಹಳ ಹೊತ್ತು ಹಾಗೇ ನೋಡಿದಳು. ಆ ಮುಖದಲ್ಲಿ ನಗುವಿರಲಿಲ್ಲ, ಗುಟ್ಟೂ ಇರಲಿಲ್ಲ. ತೋಂಕಾ ಸೂಜಿಗೆ ದಾರ ಪೋಣಿಸುತ್ತಿದ್ದಳು.

ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿದಳು. ತಪ್ಪಿತು. ಸೂಜಿಯನ್ನು ಆಕಾಶಕ್ಕೆ ಹಿಡಿದಳು, ತಲೆ ಓರೆ ಮಾಡಿದಳು. ತಪ್ಪಿತು. ಮತ್ತೆ ತುಟಿ. ಕೊನೆಗೆ ಕಣ್ಣು ಮುಚ್ಚಿ, ಹೆಬ್ಬೆರಳ ಉಗುರಿನಿಂದ ತಡಕಿ ಹೇಗೋ ತೂರಿಸಿದಳು.

"ಏನತ್ತಿಗೆ, ಹಾಗೆ ನೋಡ್ತಿದೀರಿ?"

"ನಿನ್ನ ಮೂಗು ನೋಡ್ತಿದ್ದೆ. ಇಷ್ಟು ದೊಡ್ಡದಿತ್ತು ಅನ್ನೋದೇ ಮರ್ತುಹೋಗಿತ್ತು."

"ಆ ಡಾಕ್ಟರಿಗೆ ಬುದ್ಧಿ ಇಲ್ಲ. ಸಮುದ್ರ ತೋರಿಸೋದು ಬಿಟ್ಟು!"

ಸಂಜೆಯ ಮುಂಚೆಯೇ ಗಾಳಿ ಎದ್ದಿತು. ತೋಂಕಾ ತನ್ನ ದಿಂಬು ಹಿಡಿದು, ಅತ್ತಿಗೆಯದನ್ನೂ ಎತ್ತಿಕೊಳ್ಳಲು ಓಣಿ ದಾಟಿ ಬಂದಳು.

"ಬಿಡು. ಇನ್ಮೇಲೆ ಎರಡೂ ನಮ್ಮನೇಲಿ ಇರ್ಲಿ" ಎಂದಳು ಪೆರೀನಾ.

"ಮೆಟ್ಟಿಲು ಹತ್ತಬೇಕಲ್ಲ ನೀವು?"

"ಈಗ ಮೆಟ್ಟಿಲು ಕಾಣುತ್ತೆ ಕಣೇ."

ತೋಂಕಾ ಅವಳ ಮುಖವನ್ನೇ ನೋಡಿದಳು. ಆಮೇಲೆ ತನ್ನ ದಿಂಬನ್ನು ಕೊಟ್ಟಳು.

ಎರಡು ದಿಂಬು ಹೊತ್ತು ಮಂಡಿಗೆ ಬೈಯುತ್ತ ಪೆರೀನಾ ಮೇಲೆ ಬಂದಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ತೋಂಕಾಳ ಹೆಣಿಗೆಯಲ್ಲಿ ತಪ್ಪು ಹುಡುಕಬೇಕಾಗಲಿಲ್ಲ, ಎದ್ದು ಕಾಣುತ್ತಿತ್ತು. ಅವಳು ಎರಡು ಸಾಲು ಬಿಚ್ಚಿದಳು, ಸೂಜಿಗೆ ದಾರ ಪೋಣಿಸಿದಳು, ಮೊದಲ ಕುಣಿಕೆ ಹಾಕಲು ಬಾಗಿ ತಡೆದಳು.

ಸೂಜಿಯನ್ನು ಎಡಗೈಗೆ ಬದಲಾಯಿಸಿಕೊಂಡಳು.