ಮುಖದ ಇಲಾಖೆ

ಆ ಮನೆಯಲ್ಲಿ ಯಾರ ಮುಖ ಯಾರದು ಎಂದು ತೀರ್ಮಾನಿಸುವ ಇಲಾಖೆ ಅತ್ತೆಯ ಕೈಯಲ್ಲಿತ್ತು. ಮಗು ಹುಟ್ಟಿ ಸರಿಯಾಗಿ ಕಣ್ಣು ಬಿಡುವ ಮೊದಲೇ ಅತ್ತೆ ಬಂದು, ಗಲ್ಲ ಎತ್ತಿ, ಕಿವಿಯ ಹಿಂದೆಲ್ಲ ಪರಿಶೀಲಿಸಿ ತೀರ್ಪು ಕೊಟ್ಟುಬಿಡುತ್ತಿದ್ದಳು. ಅದರ ಮೇಲೆ ಅಪೀಲಿಲ್ಲ. ತನ್ನ ತಮ್ಮನಿಗೆ ಮೊದಲ ಮಗ ಹುಟ್ಟಿದಾಗ "ಥೇಟ್ ಅಪ್ಪ, ಮೂಗಂತೂ ಅಚ್ಚೊತ್ತಿದ ಹಾಗಿದೆ" ಅಂದಳು. ಐದು ವರ್ಷದ ಮೇಲೆ ಮಗಳು ಹುಟ್ಟಿದಾಗ "ಇದು ಪೂರ್ತಿ ತಾಯಿ. ನಮ್ಮ ಕಡೇದು ಒಂದು ಕೂದಲೂ ಇಲ್ಲ" ಎಂದು ಮಗುವನ್ನು ತಾಯಿಯ ಕೈಗೆ ವಾಪಸು ಕೊಟ್ಟಳು.

ಆಮೇಲೆ ಅಪ್ಪ ಹೋದ. ನಲವತ್ತೆರಡಕ್ಕೆ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವನ ಅಪ್ಪನೂ ಹಾಗೇ ಹೋಗಿದ್ದನಂತೆ. ಅತ್ತೆ ಅಳು ಮುಗಿಸಿ, ಕಣ್ಣೊರೆಸಿಕೊಂಡು, ತನ್ನ ಲೆಕ್ಕ ಹಾಕಿದಳು: ಮೂಗು ಬಂದಿದೆ ಅಂದಮೇಲೆ ಎದೆಯೂ ಬಂದೇ ಇರುತ್ತದೆ. ಅಂದಿನಿಂದ ಇಬ್ಬರು ಮಕ್ಕಳಲ್ಲಿ ಅಣ್ಣನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೆಟ್ಟಿಲು ಓಡಿ ಹತ್ತಬಾರದು, ಚೆಂಡಾಟ ಬೇಡ, ಬೆಣ್ಣೆಯ ಮಾತೇ ಇಲ್ಲ. ಬೇಯಿಸಿದ ಮೊಟ್ಟೆ ಕೊಟ್ಟ ದಿನ ಅವನ ತಟ್ಟೆಯಿಂದ ಹಳದಿಯನ್ನು ಚಮಚದಲ್ಲಿ ಎತ್ತಿ ತಂಗಿಯ ತಟ್ಟೆಗೆ ಹಾಕುವುದು ಮನೆಯ ಕಾಯಿದೆಯಾಯಿತು. "ಅವಳಿಗೇನು, ಅವಳು ತಾಯಿ ಹಾಗೆ. ಕಲ್ಲು ತಿಂದ್ರೂ ಅರಗುತ್ತೆ."

ತಂಗಿ ಎರಡು ಹಳದಿ ತಿಂದು ಗುಂಡಗೆ ಬೆಳೆದಳು. ಆದರೆ ಒಂದು ವಿಷಯಕ್ಕೆ ಅವಳಿಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚಿತ್ತು. ಮನೆಗೆ ಬಂದ ನೆಂಟರೆಲ್ಲ ಅಣ್ಣನ ಗಲ್ಲ ಹಿಡಿದು, ಅಪ್ಪನನ್ನು ನೆನೆದು ಅಳುತ್ತಿದ್ದರು. ಅವಳ ತಲೆ ಸವರಿ "ಚೆನ್ನಾಗಿ ಓದ್ತೀಯಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಎಷ್ಟೋ ಸಲ ಅವಳು ಕನ್ನಡಿಯ ಮುಂದೆ ನಿಂತು, ಅಪ್ಪನದೇನಾದರೂ ಸಿಕ್ಕೀತೇ ಎಂದು ಮೂಗನ್ನು ಎಳೆದೆಳೆದು ನೋಡಿದ್ದಳು. ಏನೂ ಸಿಕ್ಕಿರಲಿಲ್ಲ.

ಅವಳು ಓದಿದಳು, ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಡಾಕ್ಟರ ಮಾತನ್ನು ಮನುಷ್ಯರ ಮಾತಿಗೆ ಇಳಿಸುವುದೇ ಕೆಲಸ. ವಂಶದಲ್ಲಿ ಹರಿದುಬರುವ ಕಾಯಿಲೆ ಅಂದರೇನು, ಜೀನ್ ಅಂದರೇನು, ಯಾವ ಪರೀಕ್ಷೆ ಯಾರಿಗೆ ಬೇಕು ಎಂದು ಜನಕ್ಕೆ ತಿಳಿಸಬೇಕು. ಡಾಕ್ಟರು ಗಂಟು ಹಾಕುತ್ತಾರೆ, ಇವಳು ಬಿಡಿಸುತ್ತಾಳೆ ಎಂದು ಜೊತೆಯವರು ಅವಳಿಗೆ ಬಿಡಿಸಮ್ಮ ಅಂತಲೇ ಹೆಸರಿಟ್ಟಿದ್ದರು. ಹೆಸರು ಅವಳಿಗೆ ಇಷ್ಟವಾಗಿತ್ತು, ಇಷ್ಟವಿಲ್ಲದವಳಂತೆ ಇರುತ್ತಿದ್ದಳು. ಎಡವಿದ್ದೂ ಉಂಟು. ಜೀನ್ ಅಂದರೆ ದರ್ಜಿಯ ಅಳತೆ ಚೀಟಿ ಇದ್ದ ಹಾಗೆ ಅಂದಿದ್ದಕ್ಕೆ, ಮುಂದಿನ ವಾರ ಒಬ್ಬ ಹೆಂಗಸು ಬಂದು "ನಮ್ಮ ಯಜಮಾನರದು ಸ್ವಲ್ಪ ಸಡಿಲ ಮಾಡಿಸಬಹುದಾ?" ಎಂದು ಕೇಳಿದ್ದಳು. ಅವತ್ತಿನಿಂದ ಅಳತೆ ಚೀಟಿ ಬಿಟ್ಟು ಕೈಗವಸು ಹಿಡಿದಳು.

ಇಷ್ಟೆಲ್ಲ ಊರಿಗೆ ಹೇಳುವವಳ ಮಾತಿಗೆ ಅಣ್ಣ ಮಾತ್ರ ಸೊಪ್ಪು ಹಾಕುತ್ತಿರಲಿಲ್ಲ. ಅವನದು ಕನ್ನಡಕದ ಅಂಗಡಿ. ರಕ್ತ ಪರೀಕ್ಷೆ ಮಾಡಿಸಿಕೋ, ತೊಂದರೆ ಇದ್ದರೆ ಮಾತ್ರೆ ಇದೆ ಎಂದು ಅವಳು ಬಾಯಿ ನೋಯುವಷ್ಟು ಹೇಳಿದ್ದಳು. "ಗೊತ್ತಿರೋದನ್ನ ಕೇಳೋಕೆ ರಕ್ತ ಯಾಕೆ ಕೊಡ್ಲಿ?" ಅನ್ನುತ್ತಿದ್ದ. ಮದುವೆಯ ಮಾತೆತ್ತಿದರೆ "ಯಾರನ್ನೋ ಕರ್ಕೊಂಡ್ಬಂದು ನಡುವೆ ಬಿಟ್ಟು ಹೋಗೋಕಾ?" ಎಂದು ನಗುತ್ತಿದ್ದ. ಈಗ ಅವನಿಗೆ ನಲವತ್ತೊಂದು. ಅಂಗಡಿಯ ಬೋರ್ಡು ತುಕ್ಕು ಹಿಡಿದು ಅರ್ಧ ಅಕ್ಷರ ಉದುರಿದ್ದರೂ, ಹೊಸದು ಹಾಕಿಸು ಅಂದರೆ "ಬರೋ ವರ್ಷ ನೋಡೋಣ" ಎಂದ. ಅವನು ಆ ಒಂದು ವರ್ಷದಾಚೆಗೆ ಏನನ್ನೂ ಇಟ್ಟುಕೊಂಡಿಲ್ಲ ಎಂದು ಬಿಡಿಸಮ್ಮನಿಗೆ ಆಗಲೇ ಗೊತ್ತಾದದ್ದು.

ಅದಕ್ಕೇ ಆ ಭಾನುವಾರದ ಆರೋಗ್ಯ ಭಾಷಣಕ್ಕೆ ಮನೆತನದಲ್ಲಿ ಬರುವ, ರಕ್ತದಲ್ಲಿ ಕೊಬ್ಬು ಏರಿ ಎದೆಗೆ ಹೊಡೆಯುವ ಕಾಯಿಲೆಯನ್ನೇ ವಿಷಯ ಮಾಡಿದಳು. ಹೇಳುವುದು ನೂರು ಜನಕ್ಕೆ, ಗುರಿ ಮಾತ್ರ ಒಬ್ಬನಿಗೆ. ಮೊಣಕಾಲು ನೋವಿನ ಅತ್ತೆಯನ್ನು ಹಿಡಿದು ಕರೆತರಬೇಕು ಎಂಬ ನೆಪ ಹೂಡಿ ಅಣ್ಣನನ್ನೂ ಬರಮಾಡಿಕೊಂಡಳು. ಆಸ್ಪತ್ರೆಯ ಕೆಳಗಿನ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕೀಚಲು ದನಿಯ ಮೈಕು. ಬಾಗಿಲ ಬಳಿ ಮೇಜು ಹಾಕಿಕೊಂಡು ರಕ್ತ ತೆಗೆಯುವ ನರ್ಸ್ ತಯಾರಾಗಿ ಕೂತಿದ್ದಳು. ಅವಳ ಹಿಂದಿನ ಗೋಡೆಗೆ ಬಿಡಿಸಮ್ಮನೇ ಬರೆದ ಭಿತ್ತಿಪತ್ರ: "ಈ ಕಾಯಿಲೆ ಮುಖ ನೋಡಿ ಮಣೆ ಹಾಕುವುದಿಲ್ಲ. ಮನೆಯ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ."

ಬಿಡಿಸಮ್ಮ ಒಂದು ಜೊತೆ ಉಣ್ಣೆಯ ಕೈಗವಸು ಎತ್ತಿ ತೋರಿಸಿದಳು. ಒಂದು ಚೆನ್ನಾಗಿತ್ತು, ಇನ್ನೊಂದರ ಹೆಬ್ಬೆರಳಿಗೆ ತೂತು. "ಅಪ್ಪನ ಹತ್ತಿರ ಒಂದು ಜೊತೆ ಇದೆ, ಅಮ್ಮನ ಹತ್ತಿರ ಒಂದು ಜೊತೆ. ಮಗುವಿಗೆ ಇಬ್ಬರೂ ಒಂದೊಂದು ಕೊಡ್ತಾರೆ. ಅಪ್ಪ ಕೊಡೋವಾಗ ಕಣ್ಣು ಮುಚ್ಚಿಕೊಂಡಿರ್ತಾನೆ. ತೂತಿಂದು ಹೋಗಬಹುದು, ಚೆನ್ನಾಗಿರೋದು ಹೋಗಬಹುದು. ಎರಡನೇ ಮಗು ಬಂದಾಗ ಮತ್ತೆ ಕಣ್ಣು ಮುಚ್ಚಿ ಮೊದಲಿಂದ ಶುರು."

ಮುಂದಿನ ಸಾಲಿನ ದಪ್ಪ ಮೀಸೆಯವನೊಬ್ಬ ಎದ್ದು ನಿಂತ. "ನನಗೆ ಇದೆ ಅಂತ ಹೇಳಿದ್ದಾರೆ. ದೊಡ್ಡ ಮಗ ನನ್ನ ಹಾಗೇ ಇದ್ದಾನೆ, ಮೀಸೆ ಒಂದು ಕಮ್ಮಿ. ಚಿಕ್ಕವನು ಅವರಮ್ಮನ ಹಾಗೆ. ದೊಡ್ಡವನನ್ನ ಕರ್ಕೊಂಡ್ಬಂದ್ರೆ ಸಾಕಲ್ವಾ?"

ಇಂಥ ಪ್ರಶ್ನೆಗೇ ಅವಳು ಕಾದಿದ್ದಳು. "ಮುಖ ಕೊಡೋ ಕೈಗವಸೇ ಬೇರೆ, ಕೊಬ್ಬಿಂದೇ ಬೇರೆ. ನಿಮ್ಮ ಮೂಗು ಬಂದವನಿಗೆ ಕಾಯಿಲೆ ಬಾರದೇ ಇರಬಹುದು. ಮೂಗು ಬಾರದವನಿಗೆ ಬಂದಿರಬಹುದು. ಇಬ್ಬರನ್ನೂ ಕರ್ಕೊಂಡ್ಬನ್ನಿ," ಅಂದಳು. ಸಭೆ ತಲೆದೂಗಿತು. ಹಿಂದಿನ ಸಾಲಿನಲ್ಲಿ ಅಣ್ಣ ತನ್ನ ಮೂಗು ಮುಟ್ಟಿ ನೋಡಿಕೊಂಡದ್ದು ಅವಳ ಕಣ್ಣಿಗೆ ಬಿತ್ತು. ಅತ್ತೆ ಮಾತ್ರ ತನ್ನ ಇಲಾಖೆಯನ್ನೇ ಯಾರೋ ಮುಚ್ಚಿಸಿದಂತೆ ಮುಖ ಗಂಟಿಕ್ಕಿಕೊಂಡಿದ್ದಳು.

ಭಾಷಣ ಮುಗಿಯಿತು. ಅಣ್ಣ ತಾನಾಗಿಯೇ ನರ್ಸಿನ ಮೇಜಿಗೆ ಹೋಗಿ ಅಂಗಿಯ ತೋಳು ಮಡಚಿ ಕೂತ. ಬಿಡಿಸಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನರ್ಸ್ ಅವನಿಂದ ರಕ್ತ ತೆಗೆದು, ಹತ್ತಿ ಒತ್ತಿ, ಪಕ್ಕದಲ್ಲಿ ನಿಂತಿದ್ದವಳನ್ನು ನೋಡಿದಳು. "ನೀವು ಅವರ ತಂಗಿ ತಾನೆ? ನೀವೂ ಕೂತ್ಕೊಳ್ಳಿ."

"ಅವಳಿಗೆ ಯಾಕೆ? ಅವಳು ಪೂರ್ತಿ ತಾಯಿ ಹಾಗೆ," ಅಂದಳು ಅತ್ತೆ.

"ಹೌದು, ನಾನು ಅಮ್ಮನ ಹಾಗೆ," ಅಂದಳು ಬಿಡಿಸಮ್ಮ.

ನರ್ಸ್ ತಿರುಗಿ ಗೋಡೆಯ ಭಿತ್ತಿಪತ್ರ ನೋಡಿದಳು. ಮೀಸೆಯವನೂ ನೋಡಿದ. ಅಣ್ಣ ಹತ್ತಿ ಹಿಡಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಬಿಡಿಸಮ್ಮ ನಾಲಿಗೆ ಕಚ್ಚಿಕೊಂಡಳು. ಊರಿಗೆಲ್ಲ ಬಿಡಿಸಿ ಹೇಳಿದ ಗಂಟು ಅವಳ ತಲೆಯೊಳಗೆ ಅತ್ತೆ ಹಾಕಿದ ಹಾಗೇ ಭದ್ರವಾಗಿ ಕೂತಿತ್ತು. ಇಷ್ಟು ವರ್ಷ ಅವಳು ಒಂದು ದಿನವೂ ತನಗಾಗಿ ಹೆದರಿರಲಿಲ್ಲ. ಆ ಮನೆಯ ಹೆದರಿಕೆಯನ್ನೆಲ್ಲ ಮೂಗಿನ ಜೊತೆಗೆ ಅಣ್ಣನಿಗೇ ಬಿಟ್ಟುಕೊಟ್ಟಿದ್ದಳು. ಅವಳೂ ರಕ್ತ ಕೊಡಲು ತೋಳು ಚಾಚಿ ಕೂತಳು.

ಅಣ್ಣನ ಕೊಬ್ಬು ಎಷ್ಟಿರಬೇಕೋ ಅಷ್ಟೇ ಇತ್ತು. ಅವಳದು ಎರಡರಷ್ಟಿತ್ತು. ಆಮೇಲೆ ಜೀನಿನ ಪರೀಕ್ಷೆಯೂ ಆಗಿ, ತೂತಿನ ಕೈಗವಸು ಯಾರ ಪಾಲಿಗೆ ಬಂದಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು. ಮಾತ್ರೆ ತಪ್ಪಿಸಬಾರದು, ಊಟ ಹಿತಮಿತವಾಗಿರಲಿ, ಹಳದಿಯ ಮೇಲೆ ಅಷ್ಟೇನೂ ದ್ವೇಷ ಬೇಡ, ಬೇಗ ಸಿಕ್ಕಿದ್ದು ಒಳ್ಳೆಯದಾಯಿತು ಅಂದರು. ಇವನ್ನೇ ಅವಳು ಸಾವಿರ ಜನಕ್ಕೆ ಹೇಳಿದ್ದಳು. ತನಗೆ ಹೇಳಿದಾಗ ಮಾತ್ರ ಅರ್ಥವಾಗದೆ ಇನ್ನೊಮ್ಮೆ ಹೇಳಿ ಎಂದು ಕೇಳಿದಳು.

ಅತ್ತೆಗೆ ತಿಳಿಸುವ ಕೆಲಸ ಉಳಿದಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಕೈಗವಸು ಹಿಡಿದುಕೊಂಡೇ ಬಂದು, ನಿಧಾನವಾಗಿ, ಒಂದು ಗಂಟೂ ಉಳಿಯದ ಹಾಗೆ ಹೇಳಿದಳು. ಅತ್ತೆ ಕೈಗವಸಿನ ತೂತಿನಲ್ಲಿ ಬೆರಳು ತೂರಿಸಿಕೊಂಡು ಕೇಳಿದಳು. ಕೇಳಿ ಮುಗಿಸಿ, ಚಮಚ ತೆಗೆದುಕೊಂಡು, ಬಿಡಿಸಮ್ಮನ ತಟ್ಟೆಯಿಂದ ಹಳದಿ ಎತ್ತಿ ಅಣ್ಣನ ತಟ್ಟೆಗೆ ಹಾಕಿದಳು. ಅಷ್ಟೇನೂ ದ್ವೇಷ ಬೇಡ ಎಂಬ ಡಾಕ್ಟರ ಮಾತು ಆ ಮೇಜಿನ ಮೇಲೆ ನಡೆಯುವಂತಿರಲಿಲ್ಲ.

ಅಣ್ಣ ಬುದ್ಧಿ ಬಂದಮೇಲೆ ಮೊದಲ ಸಲ ಹಳದಿಯನ್ನು ಬಾಯಿಗೆ ಹಾಕಿ, ಅಗಿದು, ಮುಖ ಕಿವುಚಿದ. "ಹಿಟ್ಟು ತಿಂದ ಹಾಗಿದೆ. ಇದಕ್ಕಾ ಇಷ್ಟು ವರ್ಷ ಆಸೆಪಟ್ಟೆ?" ಆಮೇಲೆ ನೀರು ಕುಡಿದು, "ಮಧ್ಯಾಹ್ನ ಬೋರ್ಡು ಬರೆಯೋನು ಬರ್ತಾನೆ" ಅಂದ.

ಅತ್ತೆ ಅವನ ಮಾತು ಕೇಳಿಸಿಕೊಂಡ ಹಾಗಿರಲಿಲ್ಲ. ಅವಳು ಬಿಡಿಸಮ್ಮನನ್ನೇ ನೋಡುತ್ತಿದ್ದಳು. "ಬೆಳಕಿಗೆ ಬಾ. ಕತ್ತು ತಿರುಗಿಸು," ಅಂದಳು. ಕೂದಲು ಸರಿಸಿದಳು. "ಕಿವಿ ನೋಡು. ಎಡಗಡೇದು. ನಿಮ್ಮಪ್ಪನದೇ ಕಿವಿ. ಎದುರಿಗೇ ಇತ್ತು, ನಾನೇ ನೋಡ್ಲಿಲ್ಲ."

ಕಾಯಿಲೆಗೂ ಕಿವಿಗೂ ಸಂಬಂಧವಿಲ್ಲ ಎಂಬ ಮಾತು ಬಿಡಿಸಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಣ್ಣ ಆ ಮಾತಿಗೇ ಕಾಯುತ್ತ ಕೂತಿದ್ದ. ಅಷ್ಟರಲ್ಲಿ ಅತ್ತೆ ಅವಳ ಗಲ್ಲ ಹಿಡಿದಳು, ತಮ್ಮನನ್ನು ನೆನೆದು ಅತ್ತಳು. ಅಪ್ಪ ಹೋದಾಗಿನಿಂದ ಯಾರೂ ಅವಳ ಗಲ್ಲ ಹಿಡಿದು ಅತ್ತಿರಲಿಲ್ಲ. ಬರುವ ಭಾನುವಾರ ಸಭೆಗೆ ಹೇಳಿದರಾಯಿತು ಎಂದು ಅವಳು ಆ ಮಾತನ್ನು ನುಂಗಿಕೊಂಡಳು.

"ಬಲಗಡೇದೂ ನೋಡು ಅತ್ತೆ," ಅಂದಳು, ಕತ್ತು ತಿರುಗಿಸಿ.