ದೌಲೋ ಘಟ್ಟದ ಮುಯ್ಯಿ

ಗೊರೋಕಾದಿಂದ ಹೊರಟ ಬಸ್ಸು ದೌಲೋ ಘಟ್ಟ ಏರುವಾಗ ಮುದುಕ ಲಕಾಯ್ ಎದ್ದು ನಿಂತು, ತನ್ನ ಪೊಲೀಸ್ ದಿನಗಳ ಕತೆಯನ್ನು ಬಸ್ಸಿಗೆಲ್ಲ ಕೇಳುವಂತೆ ಹೇಳತೊಡಗಿದ್ದ.

"ಇದೇ ತಿರುವು ನೋಡ್ರಪ್ಪ. ಇಲ್ಲೇ ಮರ ಕಡಿದು ಅಡ್ಡ ಹಾಕಿ ಲಾರಿ ದೋಚೋರು. ಆ ರಾಸ್ಕಲ್ ದರೋಡೆ ಗುಂಪಿಗೆ ಸಿಯುನೆ ಅಂತ ಒಬ್ಬ ನಾಯಕ. ಈ ರಸ್ತೇನೇ ನಡುಗಿಸಿಟ್ಟಿದ್ದ ಬಡ್ಡಿಮಗ."

"ನೀನೇ ಹಿಡಿದ್ಯಾ, ಅಜ್ಜಾ?" ಗೆಣಸಿನ ಚೀಲದ ಮೇಲೆ ಕೂತಿದ್ದ ಕುಗ್ಲಾಮೆ ಕೇಳಿದಳು.

"ಹಿಡಿಯೋದೆಲ್ಲಿ ಬಂತು? ಅವನೇ ಮೊದಲು ಗುಂಡು ಹಾರಿಸ್ದ. ನಾನು ಒಂದೇ ಏಟಿಗೆ ಮಲಗಿಸ್ದೆ."

"ಆಗ ನಿಂಗೆ ಹಲ್ಲಿತ್ತಾ?" ಎಂದು ಅವಳು ಛೇಡಿಸಿದಳು. ಬಸ್ಸೆಲ್ಲ ನಕ್ಕಿತು.

ಹಿಂದಿನ ಸೀಟಿನಲ್ಲಿದ್ದ ಡಾಕ್ಟರ್ ಕೆರೆಂಗಾ ನಗಲಿಲ್ಲ. ಸಿಯುನೆ ಅವನ ಅಣ್ಣ. ಆ ದಿನ ಅದೇ ಗುಂಪಿನ ಹುಡುಗನಾಗಿ ಚಾಕು ಹಿಡಿದು ಜರೀಗಿಡಗಳ ನಡುವೆ ಅಡಗಿದ್ದ ಕೆರೆಂಗಾ ಎಲ್ಲವನ್ನೂ ಕಂಡಿದ್ದ. ಅಣ್ಣ ಮಣ್ಣಿನಲ್ಲಿ ಮೊಣಕಾಲೂರಿ ಎರಡೂ ಕೈ ಎತ್ತಿದ್ದ. ಪೊಲೀಸನ ಮುಖ ಮಾತ್ರ ಟೋಪಿಯ ನೆರಳಲ್ಲಿತ್ತು. ಆಮೇಲೆ ಮಿಷನ್ ಶಾಲೆ ಅವನನ್ನು ಬಚ್ಚಿಟ್ಟು ಓದಿಸಿತು. ಆದರೆ ಊರಿನಲ್ಲಿ ಅಣ್ಣನಿಗೆ ನ್ಯಾಯ ಸಿಗಲಿಲ್ಲ. ಮೊದಲು ಗುಂಡು ಹಾರಿಸಿದವನ ಸಾವಿಗೆ ಮುಯ್ಯಿ ಇಲ್ಲವೆಂದು ಕುಲದ ಹಿರಿಯರು ಎದ್ದುಹೋದರು. ಸಾವಿನ ಪರಿಹಾರವಾಗಿ ಹಂದಿ ಕೇಳಲಿಲ್ಲ, ಸೇಡಿಗೆ ಬಾಣವನ್ನೂ ಎತ್ತಲಿಲ್ಲ. ಕಂಡದ್ದನ್ನು ಹೇಳಿದ ಹುಡುಗನ ಮಾತು ಕಳ್ಳನ ಮಾತಾಯಿತು.

ಈಗ ಆ ಮುಖ ಎದುರಿಗಿತ್ತು.

ತಿರುವಿನಲ್ಲಿ ಲಾರಿಯೊಂದು ನುಗ್ಗಿ ಬಂತು. ಚಾಲಕ ವಾಗೋ ಗಕ್ಕನೆ ಬ್ರೇಕ್ ಹಾಕಿದ. ನಿಂತಿದ್ದ ಲಕಾಯ್ ಮುಂದಕ್ಕೆ ಹಾರಿ, ಚಾಲಕನ ಬೆನ್ನ ಹಿಂದಿನ ಕಬ್ಬಿಣದ ಸರಳಿಗೆ ಎದೆ ಬಡಿದು ಬಿದ್ದ. ಏನೂ ಆಗಿಲ್ಲವೆಂಬಂತೆ ನಗಲು ನೋಡಿದ. ನಗುವಿಗೆ ಉಸಿರು ಸಾಲಲಿಲ್ಲ. ತುಟಿ ನೀಲಿಗಟ್ಟಿತು. ಕತ್ತಿನ ನರಗಳು ಹಗ್ಗದಂತೆ ಉಬ್ಬಿದವು.

ಕೆರೆಂಗಾನಿಗೆ ಕೂತಲ್ಲಿಂದಲೇ ತಿಳಿಯಿತು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿದೆ, ಒಳಗೆ ಗಾಳಿ ತುಂಬುತ್ತಿದೆ. ಸೂಜಿಯೊಂದು ಸಾಕು. ಸೂಜಿ ಅವನ ಚೀಲದಲ್ಲೇ ಇತ್ತು.

"ಡಾಕ್ಟ್ರೇ, ಬನ್ನಿ!" ವಾಗೋ ಕೂಗಿದ.

"ಮುಟ್ಬೇಡಿ, ಡಾಕ್ಟ್ರೇ," ಪಕ್ಕದವನು ತೋಳು ಹಿಡಿದ. "ನೀವು ಮುಟ್ಟಿದ ಮೇಲೆ ಸತ್ತ ಅಂದ್ರೆ ಅವನ ಕುಲದೋರು ನಿಮ್ಮ ಮನೆ ಸುಡ್ತಾರೆ."

ನಿಜ. ಕೂತೇ ಇದ್ದರೆ ಯಾರೂ ಒಂದು ಮಾತು ಆಡುವಂತಿರಲಿಲ್ಲ. ಕೆರೆಂಗಾ ಏಳಲಿಲ್ಲ. ಮುದುಕನ ಬಾಯಿ ತೆರೆದು ಮುಚ್ಚುವುದನ್ನು ನೋಡಿದ. ಎಷ್ಟೋ ವರ್ಷಗಳಿಂದ ಎದೆಯೊಳಗೆ ಬಿಗಿದುಕೊಂಡಿದ್ದ ಏನೋ ಮೆಲ್ಲಗೆ ಸಡಿಲವಾಗುತ್ತಿತ್ತು. ಅದು ಹಿತವಾಗಿತ್ತು.

ವಾಗೋ ತಲೆ ಚಚ್ಚಿಕೊಳ್ಳುತ್ತಿದ್ದ. "ನನ್ನ ಬಸ್ಸಲ್ಲೇ ಸಾಯ್ಬೇಕಾ ಇವನು? ನನ್ನ ಕುಲ ಹೊತ್ಕೋಬೇಕಲ್ಲಪ್ಪ ಈ ಹೆಣಾನ!"

ಆ ಮಾತು ಕೆರೆಂಗಾನನ್ನು ಕುಟುಕಿತು. ಹೌದು, ಈ ಸಾವು ವಾಗೋನ ಕುಲದ ತಲೆಗೆ ಬರುತ್ತದೆ. ಅವರು ಹಂದಿ ಕೊಡುತ್ತಾರೆ, ಇಲ್ಲವೇ ಬಾಣ ತಿನ್ನುತ್ತಾರೆ. ಸಿಯುನೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಯಾರಿಗಾಗಿ ಎಂದು ಕೂಗಿ ಹೇಳದ ಸಾವು ಮುಯ್ಯಿಯಲ್ಲ. ಅದು ಬರೀ ಅಪಘಾತ. ಅಣ್ಣನಿಗೆ ಸೇರಬೇಕಾದ್ದನ್ನು ಒಂದು ತಿರುವು ಕದ್ದುಕೊಂಡು ಹೋಗುತ್ತಿತ್ತು.

ಅವನು ತೋಳು ಕೊಡವಿ ಎದ್ದ.

ಮುದುಕನ ಅಂಗಿ ಹರಿದು, ಕೊರಳೆಲುಬಿನ ಕೆಳಗೆ ಬೆರಳಾಡಿಸಿ ಪಕ್ಕೆಲುಬುಗಳ ಸಂದು ಹುಡುಕಿದ. ಗುಂಪಿನಲ್ಲಿದ್ದಾಗ ಆ ಸಂದಿಗೆ ಅವನು ಮೊದಲು ಕಲಿತದ್ದು ಚಾಕು ಹಾಕುವುದನ್ನು. ಸೂಜಿ ಒಳಗಿಳಿಯಿತು. ಬುಸ್ಸೆಂದು ಗಾಳಿ ಹೊರಬಂತು. ಸೂಜಿ ಎಳೆದು, ಅದರ ಮೇಲಿದ್ದ ತೆಳು ನಳಿಕೆಯನ್ನು ಎದೆಯಲ್ಲೇ ಬಿಟ್ಟ. ಲಕಾಯ್‌ನ ತುಟಿಗೆ ಬಣ್ಣ ಮರಳಿತು.

"ದೇವರು ಬಂದಂಗೆ ಬಂದೆ, ಮಗಾ," ಎಂದ ಅವನು.

"ನಾನು ಸಿಯುನೆಯ ತಮ್ಮ."

ಕೆರೆಂಗಾ ನಳಿಕೆಯ ಬಾಯಿಗೆ ಹೆಬ್ಬೆರಳು ಒತ್ತಿದ.

ಹೊರದಾರಿಯಿಲ್ಲದೆ ಗಾಳಿ ಎದೆಯೊಳಗೇ ತುಂಬತೊಡಗಿತು. ಸ್ವಲ್ಪ ಹೊತ್ತಿಗೆ ಮುದುಕನ ಕಣ್ಣು ಮತ್ತೆ ಅಗಲವಾಯಿತು.

"ಯಾರು ಮೊದಲು ಗುಂಡು ಹಾರಿಸಿದ್ದು?" ಕೆರೆಂಗಾ ಕೇಳಿದ.

"ಅವ... ಅವನೇ..."

ಹೆಬ್ಬೆರಳು ಕದಲಲಿಲ್ಲ. ಕುಗ್ಲಾಮೆ "ಡಾಕ್ಟ್ರೇ" ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಅವನು ಹಾರಿಸ್ಲಿಲ್ಲ," ಲಕಾಯ್ ಏದುಸಿರಿನಲ್ಲಿ ಹೇಳಿದ. "ಕೈ ಎತ್ತಿದ್ದ. ಎರಡೂ ಕೈ."

"ಜೋರಾಗಿ ಹೇಳು."

"ಕೈ ಎತ್ತಿದ್ದವನಿಗೆ ಹೊಡೆದೆ! ನಾನೇ ಹೊಡೆದೆ!"

ಕೆರೆಂಗಾ ಬೆರಳು ತೆಗೆದ. ಗಾಳಿ ಹೊರಬಿತ್ತು. ಕುಗ್ಲಾಮೆ ಸಾವಿನ ಮನೆಯಲ್ಲಿ ಮಾಡುವಂತೆ ತಲೆಯ ಬಟ್ಟೆ ಕಿತ್ತೆಸೆದು, ತಾನೆಂದೂ ನೋಡದ ಸಿಯುನೆಯ ಹೆಸರು ಹಿಡಿದು ಗೋಳಿಟ್ಟಳು. ಒಬ್ಬೊಬ್ಬರಾಗಿ ಉಳಿದವರೂ ದನಿಗೂಡಿಸಿದರು. ಇಷ್ಟು ಬಾಯಿಗಳು ಕೇಳಿದ ಮಾತನ್ನು ಇನ್ನು ಯಾವ ಹಿರಿಯನೂ ಮುಚ್ಚಲಾರ. ಸಂಜೆಯೊಳಗೆ ಅದು ಲಕಾಯ್‌ನ ಕುಲವನ್ನು ಮುಟ್ಟುತ್ತದೆ. ಅವರಿನ್ನು ಹಂದಿಗಳನ್ನು ಒಟ್ಟುಮಾಡಬೇಕು, ಇಲ್ಲವೇ ಬಾಣಗಳಿಗೆ ಎದುರಾಗಿ ಊರಬೇಲಿ ಗಟ್ಟಿಮಾಡಿಕೊಳ್ಳಬೇಕು.

"ಕುಂಡಿಯಾವಾ ಆಸ್ಪತ್ರೆಗೆ ಹೊಡಿ, ನಿಧಾನಕ್ಕೆ," ಎಂದ ಕೆರೆಂಗಾ ವಾಗೋಗೆ.

ಬಸ್ಸು ಘಟ್ಟ ಇಳಿಯಿತು. ನಳಿಕೆ ಜಾರದಂತೆ ಕೆರೆಂಗಾ ಅದನ್ನು ಎರಡು ಬೆರಳಲ್ಲಿ ಹಿಡಿದಿದ್ದ. ಕೊಂದವನ ಉಸಿರು ಬೆಚ್ಚಗೆ ಬೆರಳಿಗೆ ತಗುಲಿ ಹೋಗುತ್ತಿತ್ತು.

"ಮತ್ತೆ ಮುಚ್ತೀಯಾ?" ಲಕಾಯ್ ಪಿಸುಗುಟ್ಟಿದ.

ಕೆರೆಂಗಾ ಅವನನ್ನು ನೋಡಿದ. ತಾನು ಮುಚ್ಚುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಒಂದು ಮಾತನ್ನು ಮಾತ್ರ ಕುಂಡಿಯಾವಾ ಮುಟ್ಟುವವರೆಗೂ ಅವನು ಹೇಳಲಿಲ್ಲ.