ಲಫಾಯೆಲೆಗೆ ಸಿಕ್ಕ ನಾಲ್ಕು ಸಾಲು

ಬರಬೇಡ ಎಂದು ಮೂರು ಸಲ ಹೇಳಿದ್ದರೂ ಅಮ್ಮ ಬಂದೇ ಬಂದಿದ್ದಳು. ಸಭಾಂಗಣದ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲಿ, ಮಡಿಲ ಮೇಲೆ ಪೆಪ್ಪರಮೆಂಟಿನ ಹಾರ ಇಟ್ಟುಕೊಂಡು ಕೂತಿದ್ದ ತಾಯಿ ಫಿಲೊಮೆನಾಳನ್ನು ಲಫಾಯೆಲೆ ವೇದಿಕೆಯ ಮೇಲಿನಿಂದಲೇ ಕಂಡ. ಬಾಗಿಲ ಪಕ್ಕ ಕೂರುವುದು ಅವಳಿಗೆ ರೂಢಿಯಾಗಿತ್ತು. ಐದು ವರ್ಷದಲ್ಲಿ ಆರು ಸಲ ಅವಳನ್ನು ಈ ಶಾಲೆಗೆ ಕರೆಸಿದ್ದರು. ಆರು ಸಲವೂ ಮಗನ ಮೇಲಿನ ದೂರು ಕೇಳಿ, ತಲೆ ತಗ್ಗಿಸಿ, ಯಾರ ಕಣ್ಣಿಗೂ ಬೀಳದೆ ಎದ್ದು ಹೋಗಿದ್ದಳು.

ಇವತ್ತು ಶಾಲೆ ಬಿಡುತ್ತಿದ್ದ ಇಪ್ಪತ್ಮೂರು ಹುಡುಗರೂ ಬಿಳಿ ಅಂಗಿ, ಪಂಚೆಯಂಥ ನೀಲಿ ಲಾವಲಾವಾ ಉಟ್ಟು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು. ಮುಂದೆ, ಶಾಲೆ ನಡೆಸುವ ಕ್ರೈಸ್ತ ಸನ್ಯಾಸಿಗಳಲ್ಲಿ ಹಿರಿಯರಾದ ಬ್ರದರ್ ಕಸಿಯಾನೊ, ಕೈಯಲ್ಲಿ ಹಾಳೆಗಳು. ಮೂವತ್ತೊಂದು ವರ್ಷದಿಂದ ಅವರು ಶಾಲೆ ಬಿಡುವ ಪ್ರತಿ ಹುಡುಗನ ಬಗ್ಗೆ ನಾಲ್ಕು ಸಾಲು ಬರೆದು, ತಂದೆ ತಾಯಿಯರೆದುರು ಓದಿ, ಹಾಳೆಯನ್ನು ಹುಡುಗನ ಕೈಗೆ ಕೊಡುತ್ತ ಬಂದಿದ್ದರು. ಅಂಕದ ಮಾತಿಲ್ಲ, ರಗ್ಬಿ ಪದಕದ ಮಾತೂ ಇಲ್ಲ. ತಾವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ, ಅಷ್ಟೆ. ಆಪಿಯಾ ಪಟ್ಟಣದ ಎಷ್ಟೋ ಮನೆಗಳಲ್ಲಿ ಮೇರಿಯಮ್ಮನ ಪಟದ ಪಕ್ಕ ಆ ಹಾಳೆಗೂ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ.

ಎರಡು ವರ್ಷದಿಂದ ಬ್ರದರ್ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಬೇಡ ಎಂದು ಹಟ ಹಿಡಿದಿದ್ದರು, ನಾಲ್ಕು ಸಾಲಿನ ನಿಯಮವನ್ನೂ ಬಿಟ್ಟಿರಲಿಲ್ಲ. ಆಫೀಸಿನಲ್ಲಿ ಟೈಪ್ ಮಾಡಿಸಿದ ಹಾಳೆಯನ್ನು ಸುಮ್ಮನೆ ಹಿಡಿದುಕೊಂಡು ಎಲ್ಲವನ್ನೂ ಬಾಯಿಪಾಠ ಹೇಳುತ್ತಿದ್ದರು.

"ಅಲೆಸಾನಾ ನಾಲ್ಕು ವರ್ಷ ಗಾಯನ ಮಂಡಳಿಯಲ್ಲಿ ಹಾಡಿದ. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಶ್ರುತಿ ಸೇರಲಿಲ್ಲ. ಮೊದಲನೆಯದನ್ನು ದೇವರು ಮೆಚ್ಚಿರಬೇಕು. ಎರಡನೆಯದನ್ನು ನಾನು ಸಹಿಸಿಕೊಂಡೆ."

ಸಭೆ ನಕ್ಕಿತು. ಅಲೆಸಾನಾನ ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕು, ಕಣ್ಣೊರೆಸಿಕೊಂಡು ಹಾರ ಹಾಕಲು ಬಂದಳು.

"ಫೆರೆತಿ ದಿನಾ ಎರಡು ಬುತ್ತಿ ತಂದು ಎರಡನ್ನೂ ತಾನೇ ತಿಂದ. ಚಂಡಮಾರುತ ಬಂದ ವಾರ ಮಾತ್ರ ಎರಡನ್ನೂ ಚಿಕ್ಕ ತರಗತಿಯವರಿಗೆ ಹಂಚಿದ. ಹಂಚಿದ ಮೇಲೆ ನನ್ನ ಕೋಣೆಗೆ ಬಂದು ಹಸಿವು ಎಂದು ಅತ್ತ. ಅವತ್ತಿನಿಂದ ಇವನು ನನಗೆ ಬಹಳ ಇಷ್ಟ."

ಲಫಾಯೆಲೆ, ಬ್ರದರ್ ತನ್ನನ್ನು ಕಣ್ಣಾರೆ ಏನೇನು ಮಾಡುವಾಗ ಕಂಡಿರಬಹುದೆಂದು ಲೆಕ್ಕ ಹಾಕಿದ. ತಡವಾಗಿ ಬಂದು ಹಿಂದಿನ ಗೋಡೆ ಹಾರಿದ್ದು, ಪಾಪನಿವೇದನೆಯ ಸಾಲಿನಲ್ಲಿ ನಿಂತು ಬನ್ನು ತಿಂದದ್ದು, ಹೆಡ್‌ಮಾಸ್ಟರರ ಹಂದಿಯನ್ನು ಪರೀಕ್ಷೆಯ ಕೋಣೆಗೆ ಬಿಟ್ಟದ್ದು. ಯಾವುದನ್ನು ಓದಿದರೂ ಇಡೀ ಊರಿನೆದುರು ಅಮ್ಮ ಏಳನೆಯ ಸಲ ತಲೆ ತಗ್ಗಿಸಬೇಕಾಗುತ್ತಿತ್ತು.

ಅವನ ಪಕ್ಕದಲ್ಲಿದ್ದ ಕೆಲೆಮೆತೆಯ ಸರದಿ ಬಂತು. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ಕೆಲೆಮೆತೆ ಸವಾಯಿ ದ್ವೀಪದವನು, ಆಪಿಯಾದ ಚಿಕ್ಕಪ್ಪನ ಮನೆಯಲ್ಲಿದ್ದು ಓದಿದವನು. ಮಾತು ಬಲು ಕಡಿಮೆ.

"ಕೆಲೆಮೆತೆ ಐದು ವರ್ಷ ನನ್ನ ಎದುರಿಗೇ ಕೂತಿದ್ದ," ಎಂದರು ಬ್ರದರ್. "ಅವನ ಧ್ವನಿಯನ್ನು ನಾನು ಸರಿಯಾಗಿ ಕೇಳಿಲ್ಲ. ಹೇಳಲು ಹೆಚ್ಚೇನೂ ಸಿಗಲಿಲ್ಲ. ತಪ್ಪು ನನ್ನದು, ಅವನದಲ್ಲ."

ಮರ್ಯಾದೆಗೆ ನಾಲ್ಕು ಚಪ್ಪಾಳೆ ಬಿದ್ದವು. ಕೆಲೆಮೆತೆ ಹಾಳೆ ಪಡೆದು ಮಡಚಿಕೊಂಡ.

"ಲಫಾಯೆಲೆ." ಬ್ರದರ್ ಮುಂದಿನ ಹಾಳೆ ಎತ್ತಿಕೊಂಡರು. "ಇವನ ಮೇಲಿನ ದೂರುಗಳನ್ನು ನೀವೆಲ್ಲ ಕೇಳಿದ್ದೀರಿ, ನಾನು ಕಂಡದ್ದು ಬೇರೆ. ಎರಡು ವರ್ಷದಿಂದ ಬೆಳಗಿನ ಗಂಟೆ ಹೊಡೆಯುವ ಮೊದಲೇ ಬಂದು, ಯಾರೂ ಹೇಳದೆ, ತೀರಿಹೋದ ನಮ್ಮ ಬ್ರದರ್‌ಗಳ ಗೋರಿಗಳನ್ನು ಗುಡಿಸುತ್ತ ಬಂದವನು ಇವನು. ನಾನೂ ಅಲ್ಲಿಗೆ ಹೋಗುವವನೇ. ಆಗಲೂ ಇವನೇ ಬರಲಿ ಎಂದು ನನ್ನ ಆಸೆ."

ಲಫಾಯೆಲೆಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಪಕ್ಕದ ಕೆಲೆಮೆತೆಯ ಕಡೆ ತಿರುಗಿ ನೋಡಿದ. ಹೋದ ವರ್ಷದ ಒಂದು ಬೆಳಗ್ಗೆ ಅವನು ದೀವಿಹಲಸು ಕದಿಯಲು ಹಿಂದಿನ ಗೋಡೆ ಹತ್ತಿದ್ದ. ಕೆಳಗೆ ಗೋರಿಗಳ ನಡುವೆ ಕೆಲೆಮೆತೆ ಕಡ್ಡಿ ಪೊರಕೆ ಹಿಡಿದು ಉದುರಿದ ಎಲೆ ಗುಡಿಸುತ್ತಿದ್ದ. ಅಷ್ಟರಲ್ಲಿ ತಮ್ಮ ಮನೆಯ ಜಗಲಿಗೆ ಬಂದ ಬ್ರದರ್, "ಯಾರಪ್ಪಾ ಅದು?" ಎಂದು ಕೇಳಿದ್ದರು. ಕೆಲೆಮೆತೆ ಎಂದಿನಂತೆ ಬಾಯಿ ಬಿಡಲಿಲ್ಲ. ಸಿಕ್ಕಿಬಿದ್ದೆನೆಂದುಕೊಂಡ ಲಫಾಯೆಲೆಯೇ, "ನಾನು ಬ್ರದರ್, ಲಫಾಯೆಲೆ," ಎಂದಿದ್ದ. "ದೇವರು ಒಳ್ಳೇದು ಮಾಡ್ಲಿ ಮಗಾ," ಎಂದು ಬ್ರದರ್ ಒಳಗೆ ಹೋಗಿದ್ದರು. ಅವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಕೆಲೆಮೆತೆಗೂ ಅರ್ಧ ಹಣ್ಣು ಕೊಟ್ಟಿದ್ದ. ಆಮೇಲೆ ಬ್ರದರ್ ತನ್ನ ಮೇಲೆ ಯಾಕೆ ಅಷ್ಟು ಅಕ್ಕರೆ ತೋರಿಸುತ್ತಿದ್ದರು ಎಂಬುದು ಈಗ ತಿಳಿಯಿತು.

ಕೊನೆಯ ಬೆಂಚಿನಲ್ಲಿ ಫಿಲೊಮೆನಾ ಎದ್ದು ನಿಂತಳು. ಮೊದಲ ಚಪ್ಪಾಳೆ ಪಕ್ಕದಿಂದಲೇ ಬಂತು. ತಟ್ಟಿದವನು ಕೆಲೆಮೆತೆ. ಆಮೇಲೆ ಎಲ್ಲರೂ ತಟ್ಟಿದರು, ಹಿಂದಿನವರು ಎದ್ದು ನಿಂತು ನೋಡಿದರು. ಆ ಸದ್ದಿನ ನಡುವೆ ಫಿಲೊಮೆನಾ ನಡುದಾರಿಯಲ್ಲಿ ತಲೆಯೆತ್ತಿಕೊಂಡು ನಡೆದು ಬಂದಳು. ಮಗನ ಕೊರಳಿಗೆ ಹಾರ ಹಾಕಿದಳು.

"ಇದನ್ನ ನನಗ್ಯಾಕೋ ಹೇಳ್ಲಿಲ್ಲ?"

"ಅಮ್ಮಾ, ಅದು..."

"ಸುಮ್ನಿರು. ಇವತ್ತೊಂದಿನ ಎದುರು ಮಾತಾಡ್ಬೇಡ."

ಅವಳು ಮತ್ತೆ ಬಾಗಿಲ ಬಳಿಗೆ ಹೋಗಲಿಲ್ಲ. ಮೊದಲ ಸಾಲಿನ ಹೆಂಗಸರು ಸರಿದು ಜಾಗ ಬಿಟ್ಟರು, ಅಲ್ಲೇ ಕೂತಳು.

ಸಭೆ ಮುಗಿದ ಮೇಲೆ ಲಫಾಯೆಲೆ ಕೆಲೆಮೆತೆಯನ್ನು ಬಸ್ ನಿಲ್ಲುವ ಕಡೆ ಹಿಡಿದ.

"ಲೋ, ಕಲ್ಲು ನುಂಗಿದವನ ಹಾಗೆ ನಿಂತಿದ್ಯಲ್ಲ. ಅದು ನಾನು ಅಂತ ಅನ್ನೋಕೆ ಏನಾಗಿತ್ತು?"

"ನಿಮ್ಮಮ್ಮ ಎದ್ದು ನಿಂತಿದ್ರು," ಎಂದ ಕೆಲೆಮೆತೆ.

"ಆಮೇಲಾದ್ರೂ ಹೇಳ್ಬಹುದಿತ್ತು."

"ನಾನು ಗುಡಿಸಿದ್ದು ತೀರಿಹೋದ ಬ್ರದರ್ ಫೆಲಿಸೆಗೋಸ್ಕರ. ನನಗೆ ಓದೋಕೆ ಬರ್ತಿರ್ಲಿಲ್ಲ, ಅವರು ಕಲಿಸಿದ್ರು. ಅವರದೊಂದೇ ಗುಡಿಸಿದ್ರೆ ಪಕ್ಕದೋರಿಗೆ ಬೇಜಾರಾಗತ್ತೆ ಅಂತ ಎಲ್ಲಾ ಗುಡಿಸ್ದೆ." ಅವನ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಬಂದದ್ದನ್ನು ಲಫಾಯೆಲೆ ಎಂದೂ ಕೇಳಿರಲಿಲ್ಲ. "ನಾಳೆ ಮಧ್ಯಾಹ್ನದ ಹಡಗಿಗೆ ಊರಿಗೆ ಹೋಗ್ತೀನಿ. ಇನ್ಮೇಲೆ ಎಲೆ ಬಿದ್ದೇ ಇರತ್ತೆ, ಅದೇ ಯೋಚನೆ."

ಸಂಜೆಯೊಳಗೆ ಫಿಲೊಮೆನಾ ಹಾಳೆಯನ್ನು ಮೇರಿಯಮ್ಮನ ಪಟದ ಪಕ್ಕ ಅಂಟಿಸಿ, ನಾಲ್ಕು ಮನೆಯವರನ್ನು ಕರೆದು ಓದಿಸಿದ್ದಳು. ಮಗನಿಗೆಂದು ಕೋಳಿ ಕುಯ್ಯಿಸಿದ್ದಳು. ಲಫಾಯೆಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ನಿಜ ಹೇಳಿದರೆ ಅವಳು ಮತ್ತೆ ಬಾಗಿಲ ಬಳಿಗೆ ಹೋಗಿ ಕೂರುತ್ತಾಳೆ, ಹೇಳದಿದ್ದರೆ ಕೆಲೆಮೆತೆ ಬರಿಗೈಲಿ ಹಡಗು ಹತ್ತುತ್ತಾನೆ.

ಬೆಳಕು ಹರಿಯುತ್ತಲೇ ಅವನು ಅಮ್ಮನ ಪೊರಕೆ ಹಿಡಿದು ಶಾಲೆಗೆ ಹೋದ. ಗೋರಿಗಳ ಕಡೆಗೆ ಮೊದಲ ಬಾರಿಗೆ ಗೋಡೆ ಹಾರದೆ, ಗೇಟಿನಿಂದ ಹೋದ. ಗೋರಿಗಳ ಮೇಲಿನ ಬಿಳಿ ಹವಳದ ಚೂರುಗಳ ಮೇಲೆಲ್ಲ ದೀವಿಹಲಸಿನ ದೊಡ್ಡ ಎಲೆಗಳು ಬಿದ್ದಿದ್ದವು. ಗುಡಿಸತೊಡಗಿದರೆ ಎಲೆಗಿಂತ ಮೊದಲು ಹವಳದ ಚೂರುಗಳೇ ಹಾರಿದವು. ಮೂರನೆಯ ಗೋರಿಗೆ ಬರುವಷ್ಟರಲ್ಲಿ ಬ್ರದರ್ ಕೋಲೂರಿಕೊಂಡು ಜಗಲಿಯಿಂದ ಇಳಿದು, ಮರದ ಕೆಳಗಿನ ಬೆಂಚಿನ ಮೇಲೆ ಕೂತರು.

"ಯಾರಪ್ಪಾ ಅದು?"

"ನಾನು ಬ್ರದರ್, ಲಫಾಯೆಲೆ."

ಬ್ರದರ್ ಸ್ವಲ್ಪ ಹೊತ್ತು ಪೊರಕೆಯ ಸದ್ದನ್ನೇ ಕೇಳಿದರು.

"ಇದು ಅದೇ ಕೈ ಅಲ್ವಲ್ಲೋ. ಆ ಕೈ ಹಗುರ."

ಲಫಾಯೆಲೆ ಪೊರಕೆ ಕೆಳಗಿಟ್ಟ. "ಇಷ್ಟು ದಿನ ಗುಡಿಸಿದ್ದು ಕೆಲೆಮೆತೆ, ಬ್ರದರ್. ಅವತ್ತು ನಾನು ಹಣ್ಣು ಕದಿಯೋಕೆ ಬಂದಿದ್ದೆ."

ಬ್ರದರ್ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರಿಗೆ ಹೆಚ್ಚು ನೋವಾದದ್ದು ಹಣ್ಣಿನ ಕಳ್ಳತನದಿಂದಲ್ಲ. ಆ ಹುಡುಗನ ಬಗ್ಗೆ ಹೇಳಲು ಏನೂ ಸಿಗಲಿಲ್ಲ ಎಂದು ಇಡೀ ಸಭೆಯೆದುರು ತಾವೇ ಹೇಳಿದ್ದರು.

"ನನ್ನ ಹಾಳೆ ವಾಪಸ್ ತಂದ್ಕೊಡ್ಲಾ?" ಎಂದ ಲಫಾಯೆಲೆ.

"ಅಮ್ಮ ಅದನ್ನ ಗೋಡೆಗೆ ಅಂಟಿಸಿದ್ದಾಳಾ?"

"ಹೂಂ."

"ಹಾಗಾದ್ರೆ ಅಲ್ಲೇ ಇರ್ಲಿ. ಅದರಲ್ಲಿ ಬರೆದಿದ್ದನ್ನ ನಿಜ ಮಾಡೋ ಕೆಲಸ ನಿಂದು. ಅಮ್ಮನಿಗೆ ಯಾವಾಗ ಹೇಳ್ಬೇಕು ಅನ್ನೋದೂ ನಿಂಗೇ ಬಿಟ್ಟಿದ್ದು." ಅವರು ಜೇಬಿನಿಂದ ಒಂದು ಖಾಲಿ ಹಾಳೆ, ಪೆನ್ನು ತೆಗೆದರು. "ಬರಿ. ಕೆಲೆಮೆತೆಗೆ."

"ನೀವು ಹೇಳಿ, ಬರೀತೀನಿ."

"ನಾನೇನು ಹೇಳ್ಲಿ? ಕಣ್ಣಾರೆ ಕಂಡೋನು ನೀನು."

ಲಫಾಯೆಲೆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ. ಹಂದಿಯ ಪ್ರಕರಣದಲ್ಲಿ ತಪ್ಪೊಪ್ಪಿಗೆ ಬರೆದದ್ದು ಬಿಟ್ಟರೆ ಇಷ್ಟು ಶ್ರದ್ಧೆಯಿಂದ ಅವನು ಏನನ್ನೂ ಬರೆದಿರಲಿಲ್ಲ. ಮುಗಿದ ಮೇಲೆ ಬ್ರದರ್, "ಓದು," ಎಂದರು.

"ಕೆಲೆಮೆತೆ ಎರಡು ವರ್ಷ ಬ್ರದರ್‌ಗಳ ಗೋರಿ ಗುಡಿಸಿದ. ಯಾರಿಗೂ ಹೇಳಲಿಲ್ಲ. ಅವನ ಕೆಲಸಕ್ಕೆ ನನ್ನ ಹೆಸರು ಹೇಳಿದಾಗ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ನಾನು ಪಕ್ಕದಲ್ಲೇ ನಿಂತಿದ್ದೆ, ನೋಡಿದೆ."

ಬ್ರದರ್ ಕೈ ಚಾಚಿದರು. ಲಫಾಯೆಲೆ ಪೆನ್ನಿನ ತುದಿಯನ್ನು ಹಾಳೆಯ ಕೆಳಗೆ ಇಟ್ಟುಕೊಟ್ಟ. ಅವರು ವಕ್ರವಕ್ರವಾಗಿ ಸಹಿ ಹಾಕಿ, "ನಿಂದೂ ಹಾಕು," ಎಂದರು. ಹಾಕಿದ. ಹಾಳೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಗೇಟಿನ ಕಡೆ ಹೊರಟ.

"ಎಲ್ಲಿಗೆ?"

"ಹಡಗಿಗೆ, ಬ್ರದರ್. ಅವನಿಗೆ ಕೊಟ್ಟು ಬರ್ತೀನಿ."

"ಹಡಗು ಮಧ್ಯಾಹ್ನಕ್ಕೆ. ಇನ್ನೂ ನಾಲ್ಕು ಗೋರಿ ಇವೆ."

ಲಫಾಯೆಲೆ ತಿರುಗಿ ಬಂದು ಪೊರಕೆ ಎತ್ತಿಕೊಂಡ. ಈ ಸಲ ಮೆಲ್ಲಗೆ, ಹವಳದ ಚೂರು ಕದಲದ ಹಾಗೆ ಎಲೆಯನ್ನಷ್ಟೇ ಸರಿಸಿದ. ಬೆಂಚಿನ ಬಳಿ ಬಂದಾಗ, ಅಡಿಯಲ್ಲೂ ಗುಡಿಸಲಿ ಎಂದು ಬ್ರದರ್ ಎರಡೂ ಕಾಲನ್ನು ಮೇಲಕ್ಕೆತ್ತಿಕೊಂಡು ಕೂತರು.